ಯಶವಂತಪುರದ ರೋಮನ್ ನಾಣ್ಯಗಳು: ಬಿಂಬ ಮತ್ತು ಬೆಳ್ಳಿ

1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ದೊರೆತ ರೋಮನ್ ಬೆಳ್ಳಿ ನಾಣ್ಯಗಳನ್ನು ನಮ್ಮ ವಿದ್ವಾಂಸರು ವ್ಯಾಪಾರದ ಪುರಾವೆಯಾಗಿ ಎಣಿಸಿದಷ್ಟು ಬಿಂಬಗಳಾಗಿ ಓದಿಲ್ಲ. ದಕ್ಷಿಣದ ನಿಧಿಗಳಲ್ಲಿ ಹೇರಳವಾಗಿರುವ ಅಗಸ್ಟಸನ ನಾಣ್ಯವೊಂದರ ಹಿಮ್ಮುಖದಲ್ಲಿ ಅವನ ದತ್ತುಪುತ್ರರಾದ ಗಾಯಸ್ ಮತ್ತು ಲೂಸಿಯಸ್ ನಿಂತಿದ್ದಾರೆ. ನಡುವೆ ಗುರಾಣಿ, ಈಟಿಗಳು. ಇದು ಉತ್ತರಾಧಿಕಾರದ ಘೋಷಣೆ. ಆದರೆ ಲೂಸಿಯಸ್ ಕ್ರಿ.ಶ. 2ರಲ್ಲಿ, ಗಾಯಸ್ 4ರಲ್ಲಿ ತೀರಿಕೊಂಡರು. ಘೋಷಣೆ ಹುಸಿಯಾದರೂ ನಾಣ್ಯ ಇಲ್ಲಿ ಸಲ್ಲಿತು. ಟೈಬೀರಿಯಸನ ನಾಣ್ಯದಲ್ಲಿ ರಾಜದಂಡ ಹಿಡಿದು ಕುಳಿತ ಸ್ತ್ರೀ ಲಿವಿಯಾಳೇ ಎಂಬ ಚರ್ಚೆಯೂ ಇಲ್ಲಿಯ ವರ್ತಕನಿಗೆ ಅಪ್ರಸ್ತುತವೇ ಸರಿ. ಕ್ರಿ.ಶ. 64ರಲ್ಲಿ ನೀರೋ ತೂಕವನ್ನೂ ಶುದ್ಧತೆಯನ್ನೂ ತಗ್ಗಿಸಿದನು. ಅನಂತರದ ಬೆಳ್ಳಿ ನಾಣ್ಯಗಳು ನಮ್ಮಲ್ಲಿ ವಿರಳ. ಹಾಗೆ ನೋಡಿದರೆ, ಇಲ್ಲಿ ಮಾನ್ಯವಾದುದು ಚಕ್ರವರ್ತಿಯ ಮುಖವಲ್ಲ, ಪರಿಚಿತ ಅಚ್ಚಿನ ಒಳ್ಳೆಯ ಬೆಳ್ಳಿ. ಶಾತವಾಹನರ ಬೆಳ್ಳಿ ನಾಣ್ಯಗಳ ಅರಸುಮುಖವನ್ನು ನೇರವಾಗಿ ರೋಮಿಗೆ ಕಟ್ಟುವವರು ಪಶ್ಚಿಮ ಕ್ಷತ್ರಪರ ನಾಣ್ಯಗಳನ್ನು ಮೊದಲು ಪರಿಶೀಲಿಸಬೇಕು.