ನಡುವಿನ ಸಹಗುಣಕದ ನಡೆ

ವೈ = ಎಎಕ್ಸ್² + ಬಿಎಕ್ಸ್ + ಸಿ ಎಂಬ ವರ್ಗ ಬಹುಪದೋಕ್ತಿಯ ನಕ್ಷೆ ಪರವಲಯವಾಗಿರುತ್ತದೆ ಎಂಬುದು ಹತ್ತನೆಯ ತರಗತಿಯಿಂದಲೇ ಪರಿಚಿತವಾದ ಸಂಗತಿ. ಆದರೆ ಎ, ಬಿ, ಸಿ ಎಂಬ ಮೂರು ಸಹಗುಣಕಗಳಲ್ಲಿ ಎರಡನ್ನು ಕದಲಿಸದೆ ಒಂದನ್ನಷ್ಟೇ ಬದಲಿಸುತ್ತ, ನಕ್ಷೆ ಎತ್ತ ಸಾಗುತ್ತದೆಂದು ತಾಳ್ಮೆಯಿಂದ ನೋಡುವವರು ವಿರಳ.

ಸ್ಥಿರಾಂಕವಾದ ಸಿ ಹೆಚ್ಚಿದಷ್ಟು ವಕ್ರರೇಖೆ ಮೇಲೇರುತ್ತದೆ, ಕುಗ್ಗಿದಷ್ಟು ಕೆಳಗಿಳಿಯುತ್ತದೆ. ಎ ಧನಸಂಖ್ಯೆಯಾದರೆ ಪರವಲಯದ ಬಾಯಿ ಮೇಲಕ್ಕೆ, ಋಣಸಂಖ್ಯೆಯಾದರೆ ಕೆಳಕ್ಕೆ ತೆರೆದುಕೊಳ್ಳುತ್ತದೆ. ಅದರ ಬೆಲೆ ಸೊನ್ನೆಯಿಂದ ದೂರ ಸರಿದಂತೆಲ್ಲ ಬಾಯಿ ಕಿರಿದಾಗುತ್ತದೆ. ಈ ಕಿರಿದು, ಅಗಲಗಳೂ ಅಳತೆಯ ಭೇದಗಳೇ ಹೊರತು ಆಕಾರದ ಭೇದಗಳಲ್ಲ, ಏಕೆಂದರೆ ಎಲ್ಲ ವೃತ್ತಗಳೂ ಪರಸ್ಪರ ಸಮರೂಪಿಗಳಾಗಿರುವಂತೆ ಎಲ್ಲ ಪರವಲಯಗಳೂ ಸಮರೂಪಿಗಳೇ ಆಗಿವೆ.

ಬಿ ನಕ್ಷೆಯನ್ನು ಎಡಕ್ಕೋ ಬಲಕ್ಕೋ ಸರಿಸುತ್ತದೆಂದು ಹೇಳಿ ಮುಂದೆ ಸಾಗುವ ವಾಡಿಕೆಯಿಂದ ಈ ವಿಷಯದ ನಿಜವಾದ ಸೊಗಸೇ ಮರೆಯಾಗುತ್ತದೆ. ಎ = 1, ಸಿ = 3 ಎಂದಿಟ್ಟುಕೊಂಡು ಬಿ ಗೆ 0, 2, 4 ಎಂಬ ಬೆಲೆಗಳನ್ನು ಕೊಟ್ಟರೆ, ಪರವಲಯ ತಿರುಗುವ ತುದಿಯಾದ ಶೃಂಗವು ಕ್ರಮವಾಗಿ (0, 3), (−1, 2), (−2, −1) ಬಿಂದುಗಳಲ್ಲಿ ನಿಲ್ಲುತ್ತದೆ; ಬೆಲೆ −4 ಆದಾಗ ಅದು ಬಲಬದಿಯ (2, −1) ತಲುಪುತ್ತದೆ. ನಕ್ಷಾಹಾಳೆಯ ಮೇಲೆ ಕೈಯಾರೆ ಗುರುತಿಸಿ ಸೇರಿಸಿದಾಗ ಈ ಬಿಂದುಗಳು ವೈ = 3 − ಎಕ್ಸ್² ಎಂಬ ಇನ್ನೊಂದು ಪರವಲಯದ ಮೇಲೆ, ಅಂದರೆ ಮೊದಲಿನದರಷ್ಟೇ ಅಗಲವಾಗಿದ್ದು ಬೋರಲಾಗಿ ನಿಂತ ಪರವಲಯದ ಮೇಲೆ ಬೀಳುತ್ತವೆ.

ಇದರ ಕಾರಣ ಶ್ರೀಧರಾಚಾರ್ಯನ ವಿಧಾನದಲ್ಲಿದೆ. 12ನೆಯ ಶತಮಾನದ ಭಾಸ್ಕರಾಚಾರ್ಯನು ತನ್ನ 'ಬೀಜಗಣಿತ'ದಲ್ಲಿ ಆತನ ಹೆಸರಿನಲ್ಲಿಯೇ ಉದ್ಧರಿಸಿರುವಂತೆ, ಸಮೀಕರಣವನ್ನು ಎ ಯ ನಾಲ್ಕರಷ್ಟರಿಂದ ಗುಣಿಸಿ ಬಿ ಯ ವರ್ಗವನ್ನು ಕೂಡಿಸಿದರೆ (2ಎಎಕ್ಸ್ + ಬಿ) ಎಂಬುದರ ಪೂರ್ಣವರ್ಗ ಹೊರಬರುತ್ತದೆ. ಆ ವರ್ಗ ಸೊನ್ನೆಯಾಗುವಲ್ಲಿಯೇ ಶೃಂಗವಿದೆ. ಅಲ್ಲಿ ಬಿ = −2ಎಎಕ್ಸ್ ಆಗುವುದರಿಂದ, ಅದನ್ನು ಮೂಲ ಸಮೀಕರಣದಲ್ಲಿ ಆದೇಶಿಸಿದಾಗ ಶೃಂಗದ ಎತ್ತರ ಸಿ − ಎಎಕ್ಸ್² ಎಂದು ತಾನಾಗಿ ದೊರೆಯುತ್ತದೆ.

ಬಿ ಗೆ ಇನ್ನೊಂದು ಅರ್ಥವೂ ಇದೆ: ವಕ್ರರೇಖೆ ವೈ-ಅಕ್ಷವನ್ನು ದಾಟುವ ಬಿಂದುವಿನಲ್ಲಿ ಅದರ ಇಳಿಜಾರು ಬಿ ಯೇ. ಆದ್ದರಿಂದ ಬಿ, ಸಿ ಗಳನ್ನು ಹಾಗೆಯೇ ಇಟ್ಟು ಎ ಯನ್ನು ಮಾತ್ರ ಬದಲಿಸಿದರೆ ದೊರೆಯುವ ಎಲ್ಲ ಪರವಲಯಗಳೂ ಅದೇ ಬಿಂದುವಿನಲ್ಲಿ ವೈ = ಬಿಎಕ್ಸ್ + ಸಿ ಎಂಬ ಒಂದೇ ಸ್ಪರ್ಶಕವನ್ನು ಮುಟ್ಟುತ್ತವೆ; ಎ ಸೊನ್ನೆಗೆ ಇಳಿಯುತ್ತ ಬಂದಂತೆ ವಕ್ರರೇಖೆ ಚಪ್ಪಟೆಯಾಗುತ್ತ ಹೋಗಿ, ಕೊನೆಗೆ ಆ ಸ್ಪರ್ಶಕದಲ್ಲಿಯೇ ಒಂದಾಗುತ್ತದೆ.