ಶಂ.ಬಾ. ಜೋಶಿಯವರನ್ನು ಗಡಿಗೆ ಕಟ್ಟಿಹಾಕಿದ್ದು ಸಾಕು

ಶಂ.ಬಾ. ಜೋಶಿಯವರ ಬಗ್ಗೆ ನಮ್ಮಲ್ಲಿ ಎರಡು ಮಾತು ಸದಾ ಸಿದ್ಧವಾಗಿರುತ್ತವೆ. ಕನ್ನಡನಾಡು ಒಂದು ಕಾಲಕ್ಕೆ ಗೋದಾವರಿಯವರೆಗೂ ಹಬ್ಬಿತ್ತೆಂದು ತೋರಿಸಿಕೊಟ್ಟ ಸಂಶೋಧಕರು ಎಂಬುದು ಮೊದಲನೆಯದು. ಕೊನೆಗಾಲದಲ್ಲಿ ಮನು, ನಾಗ, ಪ್ರತೀಕ ಎಂದು ತುಂಬ ಕಠಿಣವಾಗಿ ಬರೆದರು ಎಂಬುದು ಎರಡನೆಯದು. ಮೊದಲಿನ ಶಂ.ಬಾ. ಅವರನ್ನು ಗಡಿ ತಂಟೆ ಎದ್ದಾಗಲೆಲ್ಲ ಸಾಕ್ಷಿಗೆ ಕರೆಯುತ್ತೇವೆ, ಎರಡನೆಯವರನ್ನು ಓದದೆಯೇ ಗೌರವಿಸುತ್ತೇವೆ. ಒಬ್ಬ ಲೇಖಕನನ್ನು ಹೀಗೆ ಇಬ್ಭಾಗ ಮಾಡಿ ಇಟ್ಟುಕೊಂಡದ್ದರಿಂದ ಎರಡೂ ಭಾಗ ನಮಗೆ ದಕ್ಕಿಲ್ಲ ಎಂಬುದು ನನ್ನ ತಕರಾರು.

ರೂಢಿಯ ಅಭಿಪ್ರಾಯಕ್ಕೆ ಆಧಾರವೇ ಇಲ್ಲವೆಂದಲ್ಲ. 1933ರ ‘ಕಣ್ಮರೆಯಾದ ಕನ್ನಡ’ ಮತ್ತು 1939ರ ‘ಕನ್ನಡದ ನೆಲೆ’ ಕವಿರಾಜಮಾರ್ಗ ಹೇಳಿದ ಸೀಮೆಗೆ ಪುರಾವೆ ಹುಡುಕಿದ ಪುಸ್ತಕಗಳೇ. ಧಾರವಾಡದ ವಿಕ್ಟೋರಿಯಾ ಹೈಸ್ಕೂಲಿನ ಮಾಸ್ತರರೊಬ್ಬರು ಊರ ಹೆಸರು, ಕುಲದ ಹೆಸರು, ದೇವರ ಹೆಸರು ಕೂಡಿಹಾಕಿ, ಅವುಗಳ ಬಲದಿಂದಲೂ ಮಹಾರಾಷ್ಟ್ರದ ಒಳಗೆ ಕನ್ನಡವನ್ನು ಹುಡುಕಿಕೊಂಡು ಹೊರಟದ್ದು ಸಣ್ಣ ಸಾಹಸವಲ್ಲ. ಏಕೀಕರಣದ ಹಂಬಲವಿದ್ದ ಕಾಲಕ್ಕೆ ಆ ಪುಸ್ತಕಗಳು ಒದಗಿ ಬಂದವು, ನಾಡು ಅವನ್ನು ಬಳಸಿಕೊಂಡಿತು. ಆದರೆ ಬಳಸಿಕೊಂಡದ್ದನ್ನೇ ಓದು ಎಂದು ತಿಳಿದದ್ದರಿಂದ ತೊಂದರೆ ಶುರುವಾಯಿತು.

ಶಂ.ಬಾ. ಮುಂದಿಟ್ಟ ಪುರಾವೆಯನ್ನು ಕೊನೆಯವರೆಗೂ ಹಿಡಿದು ನಡೆದರೆ ಅದು ಗಡಿಕಲ್ಲಿನ ಹತ್ತಿರ ನಿಲ್ಲುವುದಿಲ್ಲ. ಅವರ ವಾದದ ತಿರುಳು ನೆಲವಲ್ಲ, ಜನ. ಕುರಿ ದನ ಕಾಯುತ್ತ ಹಟ್ಟಿ ಹಾಕಿಕೊಂಡು ಬದುಕಿದ ಜನರೇ ಈ ಎರಡೂ ನಾಡುಗಳ ಹಳೆಯ ತಳಪಾಯ, ಮರಾಠಿ ಮತ್ತು ಕನ್ನಡ ಎಂಬ ಭೇದ ಆ ತಳಪಾಯದ ಮೇಲೆ ಆಮೇಲೆ ಎದ್ದದ್ದು ಎಂಬಲ್ಲಿಗೆ ಅವರ ಶೋಧ ಹೋಗಿ ಮುಟ್ಟುತ್ತದೆ. ಇದು ಮಹಾರಾಷ್ಟ್ರದ ಹಟಕ್ಕೆ ಎಷ್ಟು ತೊಡಕೋ ನಮ್ಮ ಹಟಕ್ಕೂ ಅಷ್ಟೇ ತೊಡಕು. ಒಂದೇ ಬುಡದ ಜನ ಎಂದ ಮೇಲೆ ಇದು ನಿಮ್ಮದು, ಅದು ನಮ್ಮದು ಎಂದು ಗೆರೆ ಎಳೆಯುವುದು ಯಾವ ಆಧಾರದ ಮೇಲೆ? 1952ರಲ್ಲಿ ಅವರು ‘ಮರ್‍ಹಾಟೀ ಸಂಸ್ಕೃತೀ: ಕಾಹೀ ಸಮಸ್ಯಾ’ ಎಂಬ ಪುಸ್ತಕವನ್ನು ಮರಾಠಿಯಲ್ಲೇ ಬರೆದರು. ರಾಜ್ಯಗಳ ಪುನರ್ವಿಂಗಡಣೆಗೆ ಇನ್ನು ನಾಲ್ಕು ವರ್ಷವಿತ್ತು. ಬರೀ ವಕಾಲತ್ತು ಮಾಡುವವರು ತಮ್ಮ ಕಕ್ಷಿದಾರರ ಭಾಷೆಯಲ್ಲಿ ಬರೆಯುತ್ತಾರೆ. ಶಂ.ಬಾ. ಎದುರಿನವರ ಮನೆಗೆ ಹೋಗಿ, ಅವರ ಮಾತಿನಲ್ಲೇ, ನಿಮ್ಮ ಮೂಲವನ್ನು ಕೂಡಿ ಹುಡುಕೋಣ ಎಂದು ಕುಳಿತರು.

ಅವರು ಹುಟ್ಟಿದ್ದು 1896ರಲ್ಲಿ, ಸವದತ್ತಿ ತಾಲ್ಲೂಕಿನ ಗುರ್ಲಹೊಸೂರಿನಲ್ಲಿ. ಅಲ್ಲಿಂದ ಯಲ್ಲಮ್ಮನ ಗುಡ್ಡ ದೂರವಲ್ಲ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಉಗರಗೋಳದ ಹಾದಿ ಹಿಡಿದು ಗುಡ್ಡ ಏರುವವರಲ್ಲಿ ಕೊಲ್ಲಾಪುರ, ಸಾಂಗ್ಲಿ ಕಡೆಯವರು ಬಹಳ. ಜೋಗುಳಬಾವಿಯಲ್ಲಿ ಮಿಂದು, ಹಣೆಗೆ ಭಂಡಾರ ಬಡಿದುಕೊಂಡು, ಬಯಲಲ್ಲಿ ಒಲೆ ಹೂಡಿ ಪರಡಿ ತುಂಬಿಸುವಾಗ ಒಂದು ಒಲೆಯ ಮುಂದೆ ಮರಾಠಿ, ಮಗ್ಗುಲಿನ ಒಲೆಯ ಮುಂದೆ ಕನ್ನಡ. ‘ಉಧೋ ಉಧೋ’ ಮಾತ್ರ ಎರಡೂ ಕಡೆ ಒಂದೇ. ಕೊಲ್ಲಾಪುರ ಜಿಲ್ಲೆಯ ಪಟ್ಟಣಕೊಡೋಲಿಗೆ ಹೋದರೆ ಕುರಿಗಾಹಿ ಧನಗರರ ವಿಠ್ಠಲ-ಬೀರದೇವರ ಜಾತ್ರೆಯಲ್ಲಿ ಭಂಡಾರದ ಮಳೆಯ ನಡುವೆ ಬರುವ ದಿನಗಳ ಮಳೆಬೆಳೆಯ ಭವಿಷ್ಯ ನುಡಿಯುತ್ತಾರೆ. ನಮ್ಮ ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ಕಾರಣಿಕ ನುಡಿಯುತ್ತಾನೆ. ಶಂ.ಬಾ. ಹಿಡಿದ ಎಳೆ ಇದು. ಮುಂದೆ ಜರ್ಮನ್ ವಿದ್ವಾಂಸ ಗುಂಥರ್ ಸೊಂಥೈಮರ್ ದಖ್ಖನಿನ ಕುರಿಗಾಹಿಗಳ ದೇವರುಗಳ ಬೆನ್ನು ಹತ್ತಿ ಬರೆದರು. 1984ರಲ್ಲಿ ರಾ.ಚಿಂ. ಢೇರೆ ವಿಠ್ಠಲನ ಮೂಲವನ್ನು ದನಗಾಹಿ, ಕುರಿಗಾಹಿಗಳಲ್ಲಿ ಹುಡುಕಿ ಮರಾಠಿ ವಿದ್ವತ್ತನ್ನೇ ಅಲುಗಾಡಿಸಿದರು. ಇಬ್ಬರೂ ಹೋಗಿ ನಿಂತದ್ದು ಶಂ.ಬಾ. ಎಷ್ಟೋ ಮೊದಲೇ ಬೊಟ್ಟು ಮಾಡಿದ ಹಟ್ಟಿಯ ಬಾಗಿಲಲ್ಲಿ.

ಇದಕ್ಕೊಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದೂ ಹೌದು. ಶಂ.ಬಾ. ಸ್ವತಃ ಏಕೀಕರಣದ ಪಕ್ಷದವರು. ಕಳೆದುಹೋದ ಕನ್ನಡದ ನೋವು ಅವರ ಮೊದಲ ಪುಸ್ತಕಗಳ ಪುಟಪುಟದಲ್ಲಿದೆ. ಅವರನ್ನು ಗಡಿ ಮೀರಿದ ಚಿಂತಕರೆಂದು ಕರೆಯುವುದು ಅವರ ಬಾಯಲ್ಲಿ ನಿಮ್ಮ ಮಾತು ಇಟ್ಟಂತಾಗುವುದಿಲ್ಲವೇ? ನೋವು ನಿಜ, ಪಕ್ಷವೂ ನಿಜ. ಆದರೆ ಸಂಶೋಧಕನ ಆಸೆ ಬೇರೆ, ಅವನ ಸಾಮಗ್ರಿ ಹೇಳುವುದು ಬೇರೆ. ಸಾಮಗ್ರಿ ತಮ್ಮ ಆಸೆಯನ್ನು ದಾಟಿ ಹೋದಾಗ ಅದರ ಹಿಂದೆ ಹೋಗುವ ಧೈರ್ಯ ಅವರಿಗಿತ್ತು. ಅದಕ್ಕೆ ಸಾಕ್ಷಿ ಕುರುಬರನ್ನು ಕುರಿತ 1960ರ ‘ಹಾಲುಮತ ದರ್ಶನ’.

ಗಡಿಯ ಪುಸ್ತಕಗಳಿಗೂ ಮನುವಿನ ಪುಸ್ತಕಗಳಿಗೂ ನಡುವೆ ಇದೇ ಸೇತುವೆ. ಎರಡು ಶಂ.ಬಾ. ಎನ್ನುವವರು ಇದನ್ನು ಒಂದು ಜಾತಿಯ ಅಧ್ಯಯನ ಎಂದು ಬದಿಗಿಟ್ಟು ಮುಂದೆ ಹೋಗುತ್ತಾರೆ. ನನ್ನ ಮಟ್ಟಿಗೆ ಅವರ ಇಡೀ ಬರವಣಿಗೆಯ ಕೀಲಿ ಇಲ್ಲಿದೆ. ಕನ್ನಡ ಎಲ್ಲಿಯವರೆಗಿತ್ತು ಎಂದು ಹೊರಟವರಿಗೆ ಹಾದಿಯಲ್ಲಿ ಕುರುಬ ಸಿಕ್ಕ. ಅವನ ದೇವರು, ಅವನ ಹುಟ್ಟಿನ ಕಥೆ ಕೇಳಿದರು. ಈ ನಾಡಿಗೆ ಬುಡವಾದ ಜನ ನಾಡಿನ ಧರ್ಮಶಾಸ್ತ್ರದಲ್ಲಿ ಕೆಳಗೆ ಬಿದ್ದದ್ದು ಹೇಗೆ ಎಂಬ ಪ್ರಶ್ನೆ ಅಲ್ಲಿಂದಲೇ ಏಳುತ್ತದೆ. ಬ್ರಾಹ್ಮಣ ಮನೆಯಲ್ಲಿ ಹುಟ್ಟಿ ವೈದಿಕ ವ್ಯವಸ್ಥೆಯನ್ನು ಅದರ ಬೇರಿನಲ್ಲೇ ಪ್ರಶ್ನಿಸಿದ ಅವರ ಮುಂದಿನ ಬರಹವೆಲ್ಲ, ಯೂಂಗನ ಮನಶ್ಶಾಸ್ತ್ರವನ್ನು ಅವರು ಎಳೆತಂದದ್ದೂ ಸೇರಿ, ಈ ಪ್ರಶ್ನೆಯ ಬೆನ್ನಿಗೇ ಬಂದದ್ದು. ‘ಕರ್ನಾಟಕ ಸಂಸ್ಕೃತಿ ಸಮೀಕ್ಷೆ’ಗೆ 1970ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, 1981ರಲ್ಲಿ ಮಡಿಕೇರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯೂ ಬಂತು. ಮನ್ನಣೆಗೆ ಕೊರತೆಯಾಗಲಿಲ್ಲ. ಆ ಪ್ರಶ್ನೆಯನ್ನು ಮುಂದುವರಿಸುವವರ ಕೊರತೆಯಾಯಿತು.

ಪ್ರೀತಿಯಿದೆ ಎಂದು ದೋಷ ಮುಚ್ಚಲಾರೆ. ಅವರ ನಿರುಕ್ತಿಗಳಲ್ಲಿ ಬಹಳಷ್ಟು ಇಂದಿನ ಭಾಷಾಶಾಸ್ತ್ರದ ಮುಂದೆ ನಿಲ್ಲುವುದಿಲ್ಲ. ಒಂದು ಶಬ್ದ ಇನ್ನೊಂದರಂತೆ ಕೇಳಿಸಿತೆಂದರೆ ಸಂಬಂಧ ಕಲ್ಪಿಸಿಬಿಡುತ್ತಾರೆ. ಧ್ವನಿನಿಯಮ ಅವರನ್ನು ತಡೆಯುವುದಿಲ್ಲ. ಇಷ್ಟಕ್ಕೇ ಅವರು ಹಳಬರಾದರು ಎನ್ನುವವರೊಂದಿಗೆ ಮಾತ್ರ ನನಗೆ ಜಗಳವಿದೆ: ಜಾತ್ರೆ, ಕುಲ, ದೇವರುಗಳ ಸಾಕ್ಷ್ಯ ಆ ನಿರುಕ್ತಿಗಳ ಜೊತೆ ಬಿದ್ದುಹೋಗುವುದಿಲ್ಲ.

ನನ್ನನ್ನು ಹೆಚ್ಚು ಕಾಡುವ ದೋಷ ಬೇರೆ. ಅವರ ಕುರುಬ ಹೆಚ್ಚಾಗಿ ಪುರಾಣದ ಕುರುಬ. ಮಳೆಗಾಲ ನೋಡಿ ಕುರಿ ಹೊಡೆದುಕೊಂಡು ಹೋಗುವ, ಹೊಲದಲ್ಲಿ ಹಿಂಡು ತರುಬಿ ಕಾಳು ಪಡೆಯುವ, ಉಣ್ಣೆ ಕತ್ತರಿಸಿ ಕಂಬಳಿ ನೇಯುವವನ ದುಡಿಮೆ ಆ ದರ್ಶನದಲ್ಲಿ ತೆಳುವಾಗಿದೆ. ಮಾತೃತತ್ವದ ಚರ್ಚೆಯಲ್ಲೂ ಹೀಗೆಯೇ. ತಾಯಿ ಅವರಿಗೆ ದೊಡ್ಡ ಪ್ರತೀಕ. ಆದರೆ ಅವರ ಹುಟ್ಟೂರಿನ ಪಕ್ಕದ ಗುಡ್ಡದಲ್ಲೇ ಅದೇ ತಾಯಿಯ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದ ಹೆಣ್ಣುಮಕ್ಕಳಿದ್ದರು, ಅದನ್ನು ನಿಷೇಧಿಸಿ 1982ರಲ್ಲಿ ಸರ್ಕಾರ ಕಾಯ್ದೆ ತರಬೇಕಾಯಿತು. ಕೆಳಗಿನವರು ಕೆಳಗೆ ಬಿದ್ದದ್ದು ಹೇಗೆ ಎಂದು ಅಷ್ಟು ದೂರದಿಂದ ಹುಡುಕಿ ಬಂದ ಮನಸ್ಸಿಗೆ ಆ ಜೋಗತಿಯರ ಬದುಕು ಬರೀ ಪ್ರತೀಕದ ಅಂಚಿನಲ್ಲಿ ಉಳಿಯಬಾರದಿತ್ತು. ಶಂ.ಬಾ. ಕೊಟ್ಟ ಪ್ರಶ್ನೆಯನ್ನೇ ಶಂ.ಬಾ. ಅವರಿಗೆ ಕೇಳುವ ಆ ಕೆಲಸ ಇನ್ನೂ ಬಾಕಿಯಿದೆ. ಅದನ್ನು ‘ಹಾಲುಮತ ದರ್ಶನ’ದಿಂದ ಶುರುಮಾಡಬೇಕು, ‘ಕನ್ನಡದ ನೆಲೆ’ಯಿಂದಲ್ಲ.