ಕಿವಿಗೊಂದು ಪಾಠಶಾಲೆ

ಹಾಡಲು ಕಲಿಸುವವರು ನಮ್ಮಲ್ಲಿ ಊರಿಗೊಬ್ಬರಾದರೂ ಸಿಗುತ್ತಾರೆ. ಕೇಳಲು ಕಲಿಸುವವರು ಸಿಗುವುದು ಕಷ್ಟ. ಕೇಳುವುದಕ್ಕೆ ಕಲಿಯಬೇಕಾದದ್ದೇನಿದೆ, ಕಿವಿಯಿದ್ದರೆ ಸಾಕಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ತಾನಸೇನ ಆಗಲಾರದವನು ಕಾನಸೇನನಾದರೂ ಆಗಲಿ ಎಂದು ಹಿಂದುಸ್ತಾನಿ ಸಂಗೀತದ ಬೈಠಕ್ಕುಗಳಲ್ಲಿ ಒಂದು ಹಳೆಯ ತಮಾಷೆಯುಂಟು. ಕೇಳುವುದೂ ಒಂದು ವಿದ್ಯೆ ಎಂಬ ಒಪ್ಪಿಗೆ ಆ ತಮಾಷೆಯೊಳಗೇ ಇದೆ. ಆದರೆ ಈ ವಿದ್ಯೆ ಯಾರಿಗೆ ದಕ್ಕುತ್ತಿತ್ತು? ಮನೆಯಲ್ಲಿ ಹಾಡುವವರಿದ್ದವರಿಗೆ, ಬೈಠಕ್ಕು ನಡೆಯುವ ವಾಡೆಯ ಪಡಸಾಲೆಯಲ್ಲಿ ಕೂರುವ ಹಕ್ಕಿದ್ದವರಿಗೆ. ಪಕ್ಕದಲ್ಲಿ ಕುಳಿತ ಹಿರಿಯರು ಯಾವ ಜಾಗದಲ್ಲಿ 'ವಾಹ್' ಎಂದರು, ಎಲ್ಲಿ ಸುಮ್ಮನಾದರು ಎಂಬುದನ್ನು ನೋಡುತ್ತ ನೋಡುತ್ತ ಅವರ ಕಿವಿ ತಯಾರಾಗುತ್ತಿತ್ತು. ಉಳಿದವರ ಪಾಲಿಗೆ ರೇಡಿಯೋ ಇತ್ತು. ರಾಗದ ಹೆಸರು ಹೇಳಿ ಹಾಡು ಹಚ್ಚುತ್ತಿದ್ದ ಆ ಪೆಟ್ಟಿಗೆ, ಆ ರಾಗದಲ್ಲಿ ಏನನ್ನು ಕೇಳಬೇಕೆಂದು ಹೇಳುತ್ತಿರಲಿಲ್ಲ.

ಆದ್ದರಿಂದಲೇ ಅಂತರ್ಜಾಲದ ಸಂಗೀತ ತರಗತಿಗಳನ್ನು ನಾವು ಹಗುರವಾಗಿ ನೋಡಬಾರದು. ಇವುಗಳಲ್ಲಿ ಹೆಚ್ಚು ಜನ ಕೇಳಿದ್ದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಪ್ರೊಫೆಸರ್ ಕ್ರೇಗ್ ರೈಟ್ ಅವರ 'ಲಿಸನಿಂಗ್ ಟು ಮ್ಯೂಸಿಕ್'. 2008ರಲ್ಲಿ ತರಗತಿಯಲ್ಲಿ ನಡೆದ 23 ಉಪನ್ಯಾಸಗಳನ್ನು ಇದ್ದ ಹಾಗೆಯೇ ಚಿತ್ರೀಕರಿಸಿ ಎಲ್ಲರಿಗೂ ಬಿಟ್ಟಿಯಾಗಿ ತೆರೆದಿಟ್ಟಿದ್ದಾರೆ. ಮಾತುಗಳ ಲಿಖಿತ ರೂಪವೂ ಸಿಗುತ್ತದೆ. ಅಮೆರಿಕನ್ ಇಂಗ್ಲಿಷಿನ ಓಟಕ್ಕೆ ಒಗ್ಗದ ನಮ್ಮಂಥವರಿಗೆ ಅದೊಂದು ದೊಡ್ಡ ಉಪಕಾರ. ಪಾಠ ಕೇಳಲು ಪಿಯಾನೋ ನುಡಿಸಬಲ್ಲವರಾಗಿರಬೇಕಿಲ್ಲ, ಸ್ವರಲಿಪಿ ಓದಬಲ್ಲವರಾಗಿರಬೇಕಿಲ್ಲ. ಯುರೋಪಿನ ಶಾಸ್ತ್ರೀಯ ಸಂಗೀತ ಎಂದರೆ ಹಲವು ವಾದ್ಯಗಳ ಗದ್ದಲ ಎಂದುಕೊಂಡಿದ್ದ ಕನ್ನಡದ ಕಿವಿಗೆ ಈ ತರಗತಿ ಏನು ಮಾಡಬಲ್ಲದು, ಎಲ್ಲಿ ನಿಂತುಬಿಡುತ್ತದೆ ಎಂಬುದು ನಮ್ಮ ಕುತೂಹಲ.

ಮೊದಲಿಗೆ ಅದರ ಗಟ್ಟಿತನ. ರೈಟ್ ಅವರು ಚರಿತ್ರೆಯಿಂದ ಶುರು ಮಾಡುವುದಿಲ್ಲ, ಕಿವಿಯಿಂದ ಶುರು ಮಾಡುತ್ತಾರೆ. ವಾದ್ಯಗಳು, ಲಯ, ಮಾಧುರ್ಯ, ಹಾರ್ಮನಿ, ಆಮೇಲೆ ರೂಪ. ಬಾಖ್, ಮೊಜಾರ್ಟ್‌ರ ಕಾಲಕ್ಕೆ ಪ್ರವೇಶಿಸುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಪಾಠಗಳು ಮುಗಿದಿರುತ್ತವೆ. ಮೇಲಿನ ರಾಗದ ಎಳೆಗೆ ಮರುಳಾಗುವ ಕಿವಿಯನ್ನು ಕೆಳಗಿನ ಮಂದ್ರ ಸ್ವರಗಳ ನಡಿಗೆಯ ಕಡೆಗೆ ಹೊರಳಿಸುವುದು ಅವರ ಮುಖ್ಯ ಕೆಲಸ. ಒಂದು ಪಾಠದಲ್ಲಿ 17ನೇ ಶತಮಾನದ ಪರ್ಸೆಲ್, ಪಾಖೆಲ್‌ಬೆಲ್‌ರ ಪಕ್ಕಕ್ಕೆ ನಮ್ಮ ಕಾಲದ ಎಲ್ಟನ್ ಜಾನ್‌ನನ್ನು ಕೂರಿಸುತ್ತಾರೆ. ಕೆಳಗೆ ಒಂದೇ ಸ್ವರಸಾಲು ಬಿಡದೆ ಮರುಕಳಿಸುತ್ತಿರುವುದು, ಅದರ ಮೇಲೆ ಬೇರೆ ಬೇರೆ ಸಂಗತಿಗಳು ನಡೆಯುವುದು ಈ ಎಲ್ಲರಲ್ಲೂ ಇದೆ. ಪಾಖೆಲ್‌ಬೆಲ್‌ನ ಕ್ಯಾನನ್‌ನಲ್ಲಿ ಎಂಟು ಸ್ವರಗಳ ಸಾಲೊಂದು 28 ಸಲ ಬರುತ್ತದೆ. ತಬಲಾ ಸೋಲೋದಲ್ಲಿ ಸಾರಂಗಿ ಅಥವಾ ಹಾರ್ಮೋನಿಯಂ ಹಿಡಿದುಕೊಂಡೇ ಇರುವ ಲೆಹರಾ ಕೇಳಿದವರಿಗೆ ಇದು ಅಪರಿಚಿತವೇನಲ್ಲ. ಒಮ್ಮೆ ಈ ಎಳೆ ಕಿವಿಗೆ ಸಿಕ್ಕಿತೆಂದರೆ ಸಿನಿಮಾ ಹಾಡಿನಲ್ಲೂ ಅದನ್ನು ಹುಡುಕಲು ತೊಡಗುತ್ತೇವೆ.

ರೂಪದ ಪಾಠಗಳು ಇನ್ನೂ ಮುಖ್ಯ. ಸೊನಾಟಾ ರೂಪವೆಂದರೆ ಎರಡು ಸ್ವರವಿಷಯಗಳು ಎರಡು ಬೇರೆ ನೆಲೆಗಳಲ್ಲಿ ಪರಿಚಯವಾಗಿ, ನಡುವೆ ಒಡೆದು ಕಲಸಿಹೋಗಿ, ಮತ್ತೆ ಒಂದೇ ನೆಲೆಗೆ ಮರಳುವುದು. ಇಷ್ಟನ್ನೇ ಪುಸ್ತಕದಲ್ಲಿ ಓದಿದರೆ ವ್ಯಾಕರಣ. ಕೇಳಿದರೆ ನಾಟಕ. ಬೀಥೋವನ್‌ನ ಐದನೇ ಸಿಂಫನಿಯ ಮೊದಲ ಭಾಗವನ್ನೇ ತೆಗೆದುಕೊಳ್ಳಿ. ಬಾಗಿಲು ಬಡಿದಂಥ ಆ ನಾಲ್ಕು ಸ್ವರಗಳನ್ನು ಜಾಹೀರಾತುಗಳಲ್ಲಾದರೂ ಕೇಳದವರಿಲ್ಲ. ಬಹಳ ಜನರ ಪಾಲಿಗೆ ಸಿಂಫನಿ ಅಲ್ಲಿಗೇ ಮುಗಿಯುತ್ತದೆ. ಪಾಠ ಕೇಳಿದ ಕಿವಿ ಮುಂದೆ ಹೋಗುತ್ತದೆ. ಎರಡನೇ ವಿಷಯ ಬರುವ ಮುನ್ನ ಹಾರ್ನ್‌ಗಳು ಅದೇ ನಾಲ್ಕು ಸ್ವರಗಳ ಲಯವನ್ನು ಅಗಲ ಮಾಡಿ ಕೂಗುತ್ತವೆ. ಕತ್ತಲೆಯ ಸಿ ಮೈನರ್ ಬಿಟ್ಟು ಸಂಗೀತ ಬೆಳಕಿನ ಇ-ಫ್ಲಾಟ್ ಮೇಜರ್‌ಗೆ ಬರುತ್ತದೆ. ಕೊನೆಗೆ ಎಲ್ಲ ಮರುಕಳಿಸುವಾಗ ಆ ಕೂಗು ಹಾರ್ನ್‌ಗಳ ಬದಲು ಬಸೂನ್‌ಗಳ ಗೊಗ್ಗರು ದನಿಯಲ್ಲಿ ಬರುತ್ತದೆ. ಅದಕ್ಕೂ ಮುಂಚೆ ಇಡೀ ವಾದ್ಯವೃಂದ ಉಸಿರು ಹಿಡಿದು ನಿಂತಾಗ ಒಂದೇ ಒಂದು ಓಬೋ ಒಂಟಿಯಾಗಿ ಸಣ್ಣದಾಗಿ ಅಳುತ್ತದೆ. ಮೊದಲ ಸಲ ಹೇಳಿದ್ದನ್ನು ನೆನಪಿನಲ್ಲಿಟ್ಟವರಿಗೆ ಮಾತ್ರ ಈ ಓಬೋ ಬೆಚ್ಚಿಬೀಳಿಸುತ್ತದೆ, ಏಕೆಂದರೆ ಮೊದಲ ಸಲ ಅದು ಇರಲೇ ಇಲ್ಲ. 1808ರ ಡಿಸೆಂಬರ್ 22ರಂದು ವಿಯೆನ್ನಾದ ಚಳಿ ಹಿಡಿದ ರಂಗಮಂದಿರದಲ್ಲಿ, ಸುಮಾರು ನಾಲ್ಕು ಗಂಟೆಗಳ ದೀರ್ಘ ಕಛೇರಿಯ ನಡುವೆ ಇದನ್ನು ಮೊದಲ ಸಲ ಕೇಳಿದವರಿಗೆ ಹಿಂದಕ್ಕೆ ತಿರುಗಿಸಿ ಕೇಳುವ ಅವಕಾಶವಿರಲಿಲ್ಲ. ನಮಗಿದೆ. ನಿಲ್ಲಿಸಿ, ಹಿಂದಕ್ಕೆ ಹೋಗಿ, ಓಬೋ ಇಲ್ಲದ ಜಾಗವನ್ನೂ ಇರುವ ಜಾಗವನ್ನೂ ಹತ್ತು ಸಲ ಹೋಲಿಸಿ ನೋಡಬಹುದು. ಯಾವ ವಾಡೆಯ ಯಜಮಾನನ ಅಪ್ಪಣೆಯೂ ಬೇಕಿಲ್ಲ.

ಇಷ್ಟಾದ ಮೇಲೂ ಒಂದು ಶಂಕೆ ಉಳಿಯುತ್ತದೆ, ಅದು ಹೊಸದೇನಲ್ಲ. 1928ರಿಂದ 1942ರವರೆಗೆ ವಾಲ್ಟರ್ ಡ್ಯಾಮ್‌ರಾಷ್ ಎಂಬ ಸಂಗೀತ ನಿರ್ದೇಶಕ ಅಮೆರಿಕದ ಎನ್‌ಬಿಸಿ ರೇಡಿಯೋದಲ್ಲಿ ಶಾಲಾ ಮಕ್ಕಳಿಗೆ ಸಂಗೀತಾಸ್ವಾದನೆಯ ಪಾಠ ನಡೆಸುತ್ತಿದ್ದ. ಇಂದಿನ ಆನ್‌ಲೈನ್ ತರಗತಿಯ ಅಜ್ಜ ಎನ್ನಬಹುದು. ನಾಜಿಗಳಿಂದ ತಪ್ಪಿಸಿಕೊಂಡು ಅಮೆರಿಕಕ್ಕೆ ಬಂದಿದ್ದ ಜರ್ಮನ್ ಚಿಂತಕ ಅಡೋರ್ನೊ ಆ ಪಾಠಗಳನ್ನು ಕೂತು ಪರಿಶೀಲಿಸಿ ಕಟುವಾದ ಟೀಕೆ ಬರೆದ. ಅದು ಪೂರ್ತಿಯಾಗಿ ಅಚ್ಚಾದದ್ದು ಅವನು ತೀರಿಕೊಂಡು 25 ವರ್ಷಗಳಾದ ಮೇಲೆ, 1994ರಲ್ಲಿ. ಈ ಪಾಠ ಮಕ್ಕಳಿಗೆ ಸಂಗೀತವನ್ನು ಕೇಳಲು ಕಲಿಸುವುದಿಲ್ಲ, ಗುರುತು ಹಿಡಿಯಲು ಕಲಿಸುತ್ತದೆ ಎಂಬುದು ಅವನ ತಕರಾರು. ಇದು ಬೀಥೋವನ್, ಇದು ಎರಡನೇ ವಿಷಯ, ಇದು ಕ್ಲಾರಿನೆಟ್ ಎಂದು ಹೇಳಬಲ್ಲವನು ಅಷ್ಟಕ್ಕೇ ಬೀಗುತ್ತಾನೆ. ಸಂಗೀತದ ಒಳಗೆ ನಡೆಯುತ್ತಿರುವುದು ಅವನ ಕೈತಪ್ಪುತ್ತದೆ.

ಅಡೋರ್ನೊನಿಗೆ ಜಾಜ್ ಸಂಗೀತದ ಬಗ್ಗೆ ಇದ್ದ ಸಿಡುಕು, ಜನಸಾಮಾನ್ಯರ ಅಭಿರುಚಿಯ ಬಗ್ಗೆ ಇದ್ದ ಅಸಡ್ಡೆ ನಮಗೆ ಒಪ್ಪಿಗೆಯಾಗುವಂಥದ್ದಲ್ಲ. ಆದರೆ ಈ ತಕರಾರು ಮಾತ್ರ ಇಂದಿಗೂ ಚುಚ್ಚುತ್ತದೆ. ಅಂತರ್ಜಾಲದ ಎಷ್ಟೋ ತರಗತಿಗಳ ಕೊನೆಗೆ ನಾಲ್ಕು ಉತ್ತರಗಳಲ್ಲಿ ಸರಿಯಾದುದನ್ನು ಆರಿಸಿ ಎಂಬ ಪರೀಕ್ಷೆ, ಆಮೇಲೆ ಒಂದು ಪ್ರಮಾಣಪತ್ರ. ಓಬೋದ ಒಂಟಿ ದನಿ ಬೆಚ್ಚಿಬೀಳಿಸಿತೇ ಎಂದು ಯಾವ ಪರೀಕ್ಷೆಯೂ ಕೇಳಲಾರದು. ರೈಟ್ ಅವರ ಪಾಠದ ಮೊದಲರ್ಧ ಅಡೋರ್ನೊನ ಬಾಣಕ್ಕೆ ಸಿಗುವುದಿಲ್ಲ ಎಂದೇ ನಮ್ಮ ಅನಿಸಿಕೆ. ಅಲ್ಲಿ ಕಿವಿ ಕೆಲಸ ಮಾಡುತ್ತದೆ. ಉತ್ತರಾರ್ಧದ ಚರಿತ್ರೆಯ ಭಾಗ ಅಷ್ಟು ಸಲೀಸಾಗಿ ಪಾರಾಗುವುದಿಲ್ಲ.

ಅಲ್ಲಿ ಚರಿತ್ರೆಯೆಂದರೆ ಬರೋಕ್, ಕ್ಲಾಸಿಕಲ್, ರೊಮ್ಯಾಂಟಿಕ್, ಮಾಡರ್ನ್ ಎಂಬ ಶೈಲಿಗಳ ಮೆರವಣಿಗೆ. ಪ್ರತಿ ಶೈಲಿಗೂ ಒಬ್ಬಿಬ್ಬರು ಮಹಾನುಭಾವರು. ಪೂರ್ವ ದಿಕ್ಕು ಪಾಠದ ಶೀರ್ಷಿಕೆಯಲ್ಲಿ ಕಾಣಿಸುವುದು 21ನೆಯ ಉಪನ್ಯಾಸದಲ್ಲಿ. ಅದೂ ದೆಬ್ಯುಸಿ, ರವೆಲ್‌ರ ಜೊತೆಗೆ 'ಎಕ್ಸಾಟಿಸಿಸಂ' ಎಂಬ ಹೆಸರಿನಲ್ಲಿ, ಎಂದರೆ ದೂರದೇಶದ ಬೆಡಗು. 1889ರ ಪ್ಯಾರಿಸ್ ಮೇಳದಲ್ಲಿ ಜಾವಾದ ಗಾಮೆಲಾನ್ ಕೇಳಿ ದೆಬ್ಯುಸಿ ಬೆರಗಾದದ್ದು ನಿಜವೇ. ಆದರೆ ಪೂರ್ವ ಅಷ್ಟು ತಡವಾಗಿ, ಅಷ್ಟು ಅತಿಥಿಯಾಗಿ ಆ ಮನೆಗೆ ಬಂದದ್ದಲ್ಲ. ಯುರೋಪಿನ ಲೂಟ್ ವಾದ್ಯ ಅರಬರ ಊದ್‌ನ ಮಗು; ಹೆಸರು ಕೂಡ 'ಅಲ್ ಊದ್' ಎಂಬುದರಿಂದಲೇ ಬಂದದ್ದು. ಸಿಂಫನಿಯ ಹಿಂದಿನ ಸಾಲಿನಲ್ಲಿ ನಿಲ್ಲುವ ದೊಡ್ಡ ಡೋಲು, ತಾಳ, ತ್ರಿಕೋನದ ಕಿಣಿಕಿಣಿ ಬಂದದ್ದು ಆಟೊಮನ್ ತುರ್ಕರ ಸೇನಾವಾದ್ಯ ಮೇಳಗಳಿಂದ. 1683ರಲ್ಲಿ ವಿಯೆನ್ನಾದ ಕೋಟೆಗೆ ಮುತ್ತಿಗೆ ಹಾಕಿದವರ ಸದ್ದು ನೂರು ವರ್ಷಗಳಲ್ಲಿ ಅದೇ ಊರಿನ ರಂಗಮಂದಿರದಲ್ಲಿ ಫ್ಯಾಷನ್ ಆಯಿತು. ಮೊಜಾರ್ಟ್ 1782ರಲ್ಲಿ ತುರ್ಕಿ ಅಂತಃಪುರದ ಕಥೆಯನ್ನು ಆಪೆರಾ ಮಾಡಿದ. ಬೀಥೋವನ್‌ನ ಒಂಬತ್ತನೇ ಸಿಂಫನಿಯ ಕೊನೆಯ ಭಾಗದಲ್ಲಿ, ಮನುಷ್ಯರೆಲ್ಲ ಸೋದರರೆಂದು ಸಾರುವ ಆ ಮಹಾಗಾನದ ನಡುವೆ, ಒಂದು ತುರ್ಕಿ ಮೆರವಣಿಗೆ ಹಾದುಹೋಗುತ್ತದೆ. ಹಗೆಯ ಡೋಲು ಸೋದರತೆಯ ಹಾಡಿನೊಳಗೆ ಸೇರಿಹೋದ ಈ ಬಗೆಯೇ ಸಂಗೀತದ ಚರಿತ್ರೆ. ಶೈಲಿಗಳ ಪಟ್ಟಿಯಲ್ಲಿ ಇದಕ್ಕೊಂದು ಖಾನೆ ಸಿಗುವುದಿಲ್ಲ.

ಯೇಲ್‌ನ ಪ್ರೊಫೆಸರರ ಮೇಲೆ ಇಷ್ಟು ತಕರಾರು ಹೇಳಿ ನಮ್ಮ ಮನೆಯ ಕಡೆ ನೋಡದಿರುವುದು ನ್ಯಾಯವಲ್ಲ. ನಮ್ಮ ಸಂಗೀತದ ಪಠ್ಯಚರಿತ್ರೆಯೂ ಇದೇ ಮೆರವಣಿಗೆಯ ಮಾದರಿಯದು, ನಡುವೆ ಇನ್ನೊಂದು ಗಾಯವನ್ನೂ ಹೊತ್ತದ್ದು. ಪಂಡಿತ ಭಾತಖಂಡೆ ಹಿಂದುಸ್ತಾನಿ ಸಂಗೀತಕ್ಕೆ ಹತ್ತು ಥಾಟ್‌ಗಳ ಚೌಕಟ್ಟು ಕೊಟ್ಟು, ಚೀಜುಗಳನ್ನು ಸ್ವರಲಿಪಿಯಲ್ಲಿ ಅಚ್ಚು ಹಾಕಿಸಿದ್ದರಿಂದಲೇ ಘರಾಣೆಯ ಬಾಗಿಲ ಹೊರಗಿದ್ದವರ ಕೈಗೂ ಅವು ಸಿಕ್ಕವು. ಅದು ಸಣ್ಣ ಕೆಲಸವಲ್ಲ. ಆದರೆ ಆ ಚೀಜುಗಳನ್ನು ತಲೆಮಾರುಗಳಿಂದ ಗಂಟಲಲ್ಲಿ ಕಾಪಾಡಿದ ಉಸ್ತಾದರು ಶಾಸ್ತ್ರ ತಿಳಿಯದವರೆಂಬ ಹಣೆಪಟ್ಟಿಯೂ ಅದೇ ಯೋಜನೆಯ ಜೊತೆಗೆ ಬಂತು. 2005ರಲ್ಲಿ ಬಂದ ಜಾನಕಿ ಬಾಖ್ಲೆಯವರ 'ಟು ಮೆನ್ ಆ್ಯಂಡ್ ಮ್ಯೂಸಿಕ್' ಈ ವ್ಯವಹಾರವನ್ನು ಬಿಡಿಸಿ ತೋರಿಸುತ್ತದೆ. ಹಾಡುವವರು ಅವರು, ಚರಿತ್ರೆ ಬರೆಯುವವರು ನಾವು ಎಂಬ ಈ ಹಂಚಿಕೆ ಪಠ್ಯಪುಸ್ತಕದಿಂದ ಆನ್‌ಲೈನ್ ಪಾಠಕ್ಕೆ ಸದ್ದಿಲ್ಲದೆ ದಾಟಿಬಿಡಬಲ್ಲದು. ಕ್ಯಾಮೆರಾ ಹೊಸದಾದ ಮಾತ್ರಕ್ಕೆ ಪಾಠ ಹೊಸದಾಗುವುದಿಲ್ಲವಷ್ಟೇ?

ಕನ್ನಡದಲ್ಲಿ ಇಂಥದೊಂದು ಕೇಳ್ಮೆಯ ತರಗತಿ ಕಟ್ಟುವವರಿಗೆ ಸಾಮಗ್ರಿಯ ಬರವೇನಿಲ್ಲ. 1580ರಿಂದ 1627ರವರೆಗೆ ಬಿಜಾಪುರವನ್ನಾಳಿದ ಎರಡನೇ ಇಬ್ರಾಹಿಂ ಆದಿಲ್‌ಶಾಹಿ ತಾನೇ ದಖನಿಯಲ್ಲಿ ಹಾಡುಗಳನ್ನು ಕಟ್ಟಿ 'ಕಿತಾಬ್-ಎ-ನೌರಸ್' ಎಂದು ಹೆಸರಿಟ್ಟ. ಅದರಲ್ಲಿ ಸರಸ್ವತಿಯೂ ಇದ್ದಾಳೆ, ಗುಲಬರ್ಗಾದ ಬಂದೇನವಾಜರೂ ಇದ್ದಾರೆ. ಉತ್ತರದ ಅತ್ರೌಲಿಯಿಂದ ಬಂದ ಅಲ್ಲಾದಿಯಾ ಖಾನರ ವಿದ್ಯೆ ಅವರ ಮಕ್ಕಳಾದ ಮಂಜಿ ಖಾನ್, ಬುರ್ಜಿ ಖಾನರ ಮೂಲಕ ಧಾರವಾಡದ ಮಲ್ಲಿಕಾರ್ಜುನ ಮನ್ಸೂರರಿಗೆ ಬಂತು. ಇವನ್ನು ಸಾಮರಸ್ಯದ ಉದಾಹರಣೆಗಳೆಂದು ಪಟ್ಟಿ ಮಾಡಿ ಭಾಷಣಕ್ಕೆ ಬಳಸಿ ಬಳಸಿ ನಾವು ಸವೆಸಿಬಿಟ್ಟಿದ್ದೇವೆ. ಬೇಕಾದದ್ದು ಇವನ್ನು ಕಿವಿಗೆ ಕೇಳಿಸುವುದು. ಮನ್ಸೂರರ ತಾನು ಲಯದ ಜೊತೆ ಸೆಣಸುತ್ತ ಸಮ್ಮಿಗೆ ಬಂದು ಸೇರುವ ವಕ್ರ ದಾರಿಯಲ್ಲಿ ಆ ತಾಲೀಮು ಎಲ್ಲಿ ಕೇಳಿಸುತ್ತದೆ ಎಂದು ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ ತೋರಿಸುವುದು.

ಯಂತ್ರದ ಮೂಲಕ ಕೇಳಿದ್ದು ನಿಜವಾದ ಕೇಳುವಿಕೆಯಲ್ಲ ಎನ್ನುವ ಶುದ್ಧವಾದಿಗಳಿಗೆ ಗದಗಿನ ಹುಡುಗನ ಕಥೆಯನ್ನು ನೆನಪಿಸಬೇಕು. ಭೀಮಸೇನ ಜೋಶಿ ಬಾಲಕನಾಗಿದ್ದಾಗ ಕೇಳಿದ ಅಬ್ದುಲ್ ಕರೀಂ ಖಾನರ ಝಿಂಝೋಟಿ ಒಂದು ಗ್ರಾಮೊಫೋನ್ ತಟ್ಟೆಯಲ್ಲಿತ್ತು. ಮುಖಕ್ಕೆ ಸುಮಾರು ಮೂರು ನಿಮಿಷ ಹಿಡಿಯುವ ತಟ್ಟೆ. ಆ ಮೂರು ನಿಮಿಷದ ಗೀಳೇ 1933ರಲ್ಲಿ, 11ರ ವಯಸ್ಸಿನಲ್ಲಿ, ಅವರನ್ನು ಮನೆ ಬಿಡಿಸಿತು. ಹಾಡುವುದನ್ನು ಕಲಿಯಲು ಅವರು ಊರೂರು ಅಲೆದು, ಕಡೆಗೆ ಖಾನರ ಶಿಷ್ಯ ಸವಾಯಿ ಗಂಧರ್ವರ ಕುಂದಗೋಳದ ಮನೆಯಲ್ಲಿ ನೀರು ಹೊರಬೇಕಾಯಿತು, ಅದು ಬೇರೆ. ಆದರೆ ಕಿವಿ ತೆರೆದದ್ದು ತಟ್ಟೆಯಿಂದಲೇ. ಎಲ್ಲ ಕೇಳುಗರೂ ಭೀಮಸೇನರಾಗಬೇಕಿಲ್ಲ. ತಟ್ಟೆಯನ್ನು ಮತ್ತೆ ಮತ್ತೆ ಹಚ್ಚುವ ಆ ಹಠ ಮಾತ್ರ ಬೇಕು.

ಆ ಖಾನರದೇ ಇನ್ನೊಂದು ಧ್ವನಿಮುದ್ರಿಕೆಯಿದೆ. ಉತ್ತರದ ಕೈರಾನಾದಲ್ಲಿ ಹುಟ್ಟಿ, ಮಿರಜಿನಲ್ಲಿ ನೆಲೆಸಿ, ಮೈಸೂರಿನ ಆಸ್ಥಾನದವರೆಗೆ ಹಾಡುತ್ತ ಓಡಾಡಿದ ಆ ಉಸ್ತಾದ್ ಅದರಲ್ಲಿ ಹಾಡಿರುವುದು ತ್ಯಾಗರಾಜರ ಖರಹರಪ್ರಿಯ ರಾಗದ ಕೃತಿಯನ್ನು. ಉಚ್ಚಾರಣೆ ತಂಜಾವೂರಿನವರಿಗೆ ಮೆಚ್ಚುಗೆಯಾಗಲಿಕ್ಕಿಲ್ಲ. ಸ್ವರ ಮಾತ್ರ ಅವರದೇ, ಎಳೆದ ತಂತಿಯಂತೆ ತೆಳ್ಳಗೆ, ಅಲುಗಾಡದೆ ನಿಲ್ಲುವಂಥದ್ದು. ಕನ್ನಡದ ತರಗತಿಯ ಮೊದಲ ದಿನ, ಹಾಡಿದವರ ಹೆಸರನ್ನಾಗಲಿ ರಾಗದ ಹೆಸರನ್ನಾಗಲಿ ಹೇಳದೆ ಇದನ್ನು ಹಚ್ಚಬೇಕು. ಏನು ಕೇಳಿಸಿತು ಎಂದು ಒಬ್ಬೊಬ್ಬರನ್ನೇ ಕೇಳಬೇಕು. ಆಮೇಲೆ ಇನ್ನೊಮ್ಮೆ ಹಚ್ಚಬೇಕು.